ಬಿಟ್ಟುಕೊಡುವುದು, ಬಿಟ್ಟುಬಿಡುವುದು

ಹಾಕಿಯ ಬಗ್ಗೆ ನಾನು ಬರೆಯುತ್ತೇನೆಂದರೆ ನಮ್ಮ ಮನೆಯವರೇ ನಗುತ್ತಾರೆ. ಕೋಲು ಹಿಡಿದು ಮೈದಾನಕ್ಕೆ ಇಳಿದವಳಲ್ಲ ನಾನು. ಅರಸೀಕೆರೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿಕೊಂಡಿದ್ದವಳು. ಆದರೆ 1998ರಲ್ಲಿ ನಮ್ಮ ಹುಡುಗಿಯರ ತಂಡವನ್ನು ಆರಿಸುವಾಗ ಒಬ್ಬ ಶಿಕ್ಷಕಿಯೂ ಇರಲಿ ಎಂದು ನನ್ನ ಹೆಸರು ಸೇರಿಸಿದರು. ಸಹಿ ಹಾಕುವುದಷ್ಟೇ ಕೆಲಸ ಎಂದುಕೊಂಡಿದ್ದೆ. ಆ ಸಹಿಯೇ ಇಷ್ಟು ವರ್ಷ ನನ್ನನ್ನು ಚುಚ್ಚುತ್ತ ಬಂದಿದೆ.

ಗೋಲಿಗೆ ನಿಲ್ಲುತ್ತಿದ್ದವಳು ಹತ್ತನೇ ತರಗತಿಯ ಹುಡುಗಿ. ತೆಂಗಿನಕಾಯಿ ಮಂಡಿಯಲ್ಲಿ ಮೂಟೆ ಹೊರುವವರ ಮಗಳು. ಯಾರದೋ ಹಳೆಯ ಕ್ರಿಕೆಟ್ ಪ್ಯಾಡನ್ನು ದಾರದಿಂದ ಬಿಗಿದು ನಿಂತರೆ ಚೆಂಡು ಅವಳನ್ನು ದಾಟುವುದು ಕಷ್ಟವಿತ್ತು. ಒಂದು ದಿನ ಆ ಹುಡುಗಿ ಎಲ್ಲರೆದುರು ಕೇಳಿಬಿಟ್ಟಳು: "ಪಂದ್ಯಕ್ಕೆ ಹೋಗೋ ಬಸ್ ಚಾರ್ಜು ನಾವ್ಯಾಕೆ ಕೊಡ್ಬೇಕು ಸಾರ್? ಸ್ಪೋರ್ಟ್ಸ್ ಫೀಸು ಕಟ್ಟಿದೀವಲ್ಲ?"

ಆಯ್ಕೆಯ ದಿನ ಪಿ.ಟಿ. ಮೇಷ್ಟ್ರು ನನ್ನ ಮುಂದೆ ಪಟ್ಟಿ ಇಟ್ಟರು. ಅವಳ ಹೆಸರಿರಲಿಲ್ಲ. "ಆಟ ಇದೆ ಮೇಡಂ, ಬಾಯೂ ಜಾಸ್ತಿ ಇದೆ. ಒಬ್ಬಳನ್ನ ನೋಡಿ ಉಳಿದವರೂ ಕಲೀತಾರೆ. ಈ ಸಲ ಬಿಟ್ಟುಬಿಡೋಣ" ಎಂದರು. ಅವಳಿಗೆ ಹೇಳಿದ ಕಾರಣ ಬೇರೆ: ಎಸ್ಸೆಸ್ಸೆಲ್ಸಿ ವರ್ಷ, ಓದಿಕೊಳ್ಳಲಿ. ನಾನು ಸಹಿ ಹಾಕಿದೆ. ನಮ್ಮ ಹುಡುಗಿಯರು ಆ ಪಂದ್ಯ ಗೆದ್ದೇ ಬಂದರು. "ನೋಡಿದ್ರಾ ಮೇಡಂ?" ಎಂದರು ಮೇಷ್ಟ್ರು.

ಅದೇ ವರ್ಷದ ಡಿಸೆಂಬರ್‌ನಲ್ಲಿ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದ ಸುದ್ದಿ ಬಂತು. ದಕ್ಷಿಣ ಕೊರಿಯಾವನ್ನು ಸೋಲಿಸಿ ಭಾರತ 32 ವರ್ಷಗಳ ನಂತರ ಹಾಕಿಯ ಚಿನ್ನ ಗೆದ್ದಿತ್ತು. ಆಟ ಸಮವಾಗಿ, ಫಲಿತಾಂಶ ಪೆನಾಲ್ಟಿ ಹೊಡೆತಗಳಿಗೆ ನಿಂತಾಗ ಕೊರಿಯಾದ ಎರಡು ಹೊಡೆತಗಳನ್ನು ತಡೆದವನು ಬೆಂಗಳೂರಿನ ಆಶಿಶ್ ಬಲ್ಲಾಳ್. ಹೆಸರಿನಲ್ಲೇ ಹಳೇಬೀಡಿನ ಅರಸರಿದ್ದಾರಲ್ಲ ಎಂದು ನಾನೂ ಹಿಗ್ಗಿದೆ. ಅವನೂ ಗೋಲಿಯೇ ಅಲ್ಲವೇ, ನಮ್ಮ ಹುಡುಗಿಯ ನೆನಪೂ ಬಂತು.

ಹಿಗ್ಗು ಹೆಚ್ಚು ದಿನ ಉಳಿಯಲಿಲ್ಲ. 1999ರ ಆರಂಭದಲ್ಲಿ ಪಾಕಿಸ್ತಾನದ ವಿರುದ್ಧದ ಸರಣಿಗೆ ತಂಡ ಆರಿಸಿದಾಗ ನಾಯಕ ಧನರಾಜ್ ಪಿಳ್ಳೆ ಇರಲಿಲ್ಲ. ಬಲ್ಲಾಳ್ ಇರಲಿಲ್ಲ. ಇನ್ನೂ ಕೆಲವು ಹಿರಿಯರಿರಲಿಲ್ಲ. ತರಬೇತುದಾರ ಎಂ.ಕೆ. ಕೌಶಿಕ್ ಅವರನ್ನೂ ಕೈಬಿಟ್ಟಿದ್ದರು. ಹೇಳಿದ ಕಾರಣ, ಆಟಗಾರರಿಗೆ ವಿಶ್ರಾಂತಿ. ಜನ ಆಡಿಕೊಂಡದ್ದು, ತಮಗೆ ಬರಬೇಕಾದ ಹಣ, ಭತ್ಯೆ ಕೇಳಿದ್ದಕ್ಕೆ ಸಿಕ್ಕ ಶಿಕ್ಷೆ ಎಂದು. ಪತ್ರಿಕೆ ಹಿಡಿದು ನಾನು ಸ್ಟಾಫ್ ರೂಮಿನಲ್ಲಿ ಸುಮ್ಮನೆ ಕುಳಿತೆ. ನಮ್ಮದು ‘ಓದಿಕೊಳ್ಳಲಿ’, ಅವರದು ‘ವಿಶ್ರಾಂತಿ’. ಎರಡೂ ಕೇಳಲು ಎಷ್ಟು ಹಿತವಾದ ಮಾತು!

ಭಾರತ ಆ ಸರಣಿಯನ್ನು ಸೋತಿತು. ಅನೇಕರು ಅದನ್ನೇ ಹಿಡಿದು ಆಯ್ಕೆ ತಪ್ಪೆಂದು ವಾದಿಸಿದರು. ನನಗೆ ಆ ವಾದ ಒಪ್ಪಿಗೆಯಿಲ್ಲ. ಸೋತದ್ದರಿಂದ ಅವರ ನಿರ್ಧಾರ ತಪ್ಪಾಗುವುದಾದರೆ, ಗೆದ್ದು ಬಂದದ್ದರಿಂದ ನಮ್ಮ ಮೇಷ್ಟ್ರದು ಸರಿಯಾಗಿಬಿಡುತ್ತದೆ. ಅಡುಗೆ ಹದವಾಗಿ ಬಂದಿತೆಂದ ಮಾತ್ರಕ್ಕೆ ಒಲೆಯ ಮುಂದಿದ್ದವಳನ್ನು ಬೈದದ್ದು ಸರಿಯಾಗುತ್ತದೆಯೇ?

ಹಾಗೆಂದು ಯಾರನ್ನೂ ಬಿಡಲೇಬಾರದು ಎನ್ನುವವಳೂ ನಾನಲ್ಲ. ಮೈದಾನದಲ್ಲಿ ಹನ್ನೊಂದು ಜಾಗ. ಹೊಸಬರು ಬರಬೇಕಾದರೆ ಹಳಬರು ಎದ್ದು ಜಾಗ ಕೊಡಬೇಕು. ಅದರಲ್ಲೂ ಗೋಲಿಯ ಸ್ಥಾನ ಒಂದೇ. ಮುಂದಿನ ಸಾಲಿನವರನ್ನು ಆಟದ ನಡುವೆ ಕರೆದು ಬದಲಿಸುತ್ತಲೇ ಇರುತ್ತಾರೆ. ಗೋಲಿಯನ್ನು ಸಾಮಾನ್ಯವಾಗಿ ಬದಲಿಸುವುದಿಲ್ಲ. ಒಬ್ಬಳು ನಿಂತರೆ ಇನ್ನೊಬ್ಬಳು ಬೆಂಚಿನ ಮೇಲೇ. ಆ ಇನ್ನೊಬ್ಬಳೂ ಯಾರದೋ ಮನೆಯ ಮಗಳೇ.

ರಾಣಿ ರಾಂಪಾಲ್ ವಿಷಯ ನೋಡಿ. ಹರಿಯಾಣದ ಶಾಹಬಾದಿನ, ಗಾಡಿ ಎಳೆಯುವವರ ಮಗಳು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ನಮ್ಮ ಹೆಣ್ಣುಮಕ್ಕಳು ನಾಲ್ಕನೇ ಸ್ಥಾನಕ್ಕೆ ಬಂದಾಗ ಇವಳೇ ನಾಯಕಿ. ಆಮೇಲೆ ಗಾಯವಾಯಿತು. 2022ರ ವಿಶ್ವಕಪ್ಪಿಗೂ ಬರ್ಮಿಂಗ್‌ಹ್ಯಾಂ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೂ ಅವಳನ್ನು ಆರಿಸಲಿಲ್ಲ. ಅವಳಿಲ್ಲದ ತಂಡ ವಿಶ್ವಕಪ್ಪಿನಲ್ಲಿ ಒಂಬತ್ತನೆಯದಾಯಿತು. ಕೆಲವೇ ವಾರಗಳಲ್ಲಿ ಸವಿತಾ ನಾಯಕತ್ವದಲ್ಲಿ ಬರ್ಮಿಂಗ್‌ಹ್ಯಾಂನಿಂದ ಕಂಚು ತಂದಿತು. ಯಾವ ಫಲಿತಾಂಶವನ್ನು ನಂಬೋಣ? ಎರಡನ್ನೂ ನಂಬುವಂತಿಲ್ಲ. ಕಾಲಿನಲ್ಲಿ ಓಟವಿದೆಯೇ, ಈ ತಂಡಕ್ಕೆ ಈಗ ಇವಳಿಂದ ಏನು ಬೇಕು, ಅವಳ ಜಾಗಕ್ಕೆ ಬರುವವಳು ಸಿದ್ಧಳಿದ್ದಾಳೆಯೇ — ಕೇಳಬೇಕಾದವು ಈ ಮೂರು. ‘ಬಾಯಿ ಜಾಸ್ತಿಯೇ’ ಎನ್ನುವುದು ಈ ಪಟ್ಟಿಯಲ್ಲಿಲ್ಲ.

ಈಗ ಆಟಗಾರರ ಹರಾಜೂ ಬಂದಿದೆ. 2012ರ ಡಿಸೆಂಬರ್‌ನಲ್ಲಿ ಹಾಕಿ ಇಂಡಿಯಾ ಲೀಗಿಗೆ ಮೊದಲ ಹರಾಜು ನಡೆದಾಗ ‘ಮನುಷ್ಯರನ್ನು ಕೊಬ್ಬರಿಯ ಹಾಗೆ ಕೂಗುತ್ತಾರಲ್ಲ’ ಎಂದು ನನಗೆ ಮುಜುಗರವಾಗಿತ್ತು. ಕೊಡಗಿನ ವಿ.ಆರ್. ರಘುನಾಥ್‌ನನ್ನು 76 ಸಾವಿರ ಡಾಲರಿಗೆ ಉತ್ತರ ಪ್ರದೇಶದ ತಂಡ ಕೊಂಡಿತು, ಸೋಮವಾರಪೇಟೆಯ ಎಸ್.ವಿ. ಸುನಿಲ್ ಪಂಜಾಬಿನ ತಂಡಕ್ಕೆ ಹೋದ. ಆಗ ಆ ಲೀಗಿನಲ್ಲಿ ಕರ್ನಾಟಕದ ತಂಡವೇ ಇರಲಿಲ್ಲ. 2024ರ ಅಕ್ಟೋಬರ್‌ನಲ್ಲಿ ಹೆಣ್ಣುಮಕ್ಕಳ ಹರಾಜೂ ಆಯಿತು. ಉದಿತಾಗೆ 32 ಲಕ್ಷ ರೂಪಾಯಿ ಬೆಲೆ ಬಂತು. ಯೋಚಿಸಿದಂತೆಲ್ಲ ನನ್ನ ಮುಜುಗರ ಕಡಿಮೆಯಾಗಿದೆ. ಕೂಗುವ ಬೆಲೆ ಎಲ್ಲರ ಕಿವಿಗೂ ಬೀಳುತ್ತದೆ. ಒಬ್ಬರಿಗೆ ಬೇಡವಾದವಳು ಇನ್ನೊಬ್ಬರಿಗೆ ಬೇಕಾಗಬಹುದು.

ಮೊನ್ನೆ ಮೊಮ್ಮಗಳನ್ನು ಕರೆದುಕೊಂಡು ಜಾವಗಲ್ ಮೇಲಿನ ಬಸ್ಸಿನಲ್ಲಿ ಹಳೇಬೀಡಿಗೆ, ಅಲ್ಲಿಂದ ಬೇಲೂರಿಗೆ ಹೋಗಿದ್ದೆ. ಚೆನ್ನಕೇಶವನ ಗುಡಿಯ ಮದನಿಕೆಯರನ್ನು ತೋರಿಸುತ್ತ ಗೈಡು ಕೆತ್ತಿದವರ ಹೆಸರು ಹೇಳಿದ. ದಾಸೋಜ, ಅವನ ಮಗ ಚಾವಣ. ಬೇಲೂರಿನವರಲ್ಲ, ಬಳ್ಳಿಗಾವಿಯಿಂದ ಬಂದವರು. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಗುಡಿಯಲ್ಲಿ ಪರ ಊರಿನ ಶಿಲ್ಪಿ ತನ್ನ ಹೆಸರನ್ನೂ ಊರನ್ನೂ ಕಲ್ಲಿನಲ್ಲೇ ಬರೆದಿಟ್ಟು ಹೋಗಿದ್ದಾನೆ. ಯಾರೂ ಅಳಿಸಲಿಲ್ಲ. ಬಳ್ಳಿಗಾವಿ ಅವನನ್ನು ಬಿಟ್ಟುಕೊಟ್ಟಿತು, ಬೇಲೂರು ಇಟ್ಟುಕೊಂಡಿತು, ಚೆಲುವು ಎಲ್ಲರದಾಯಿತು.

ಬಿಟ್ಟುಕೊಡುವುದು ಬೇರೆ, ಬಿಟ್ಟುಬಿಡುವುದು ಬೇರೆ ಎಂದು ನನಗೆ ಹೊಳೆದದ್ದು ಅಲ್ಲೇ. ಬಿಟ್ಟುಕೊಟ್ಟಾಗ ಆ ಕೈಗೆ ಇನ್ನೊಂದು ಅಂಗಳ ಸಿಗುತ್ತದೆ. ಬಿಟ್ಟುಬಿಟ್ಟಾಗ ಕೈಯಲ್ಲಿದ್ದ ಕೋಲೇ ಬಿದ್ದುಹೋಗುತ್ತದೆ. ಧನರಾಜ್ ಗಟ್ಟಿಗ, ತಂಡಕ್ಕೆ ಮರಳಿ 2000 ಮತ್ತು 2004ರ ಒಲಿಂಪಿಕ್ಸುಗಳಲ್ಲೂ ಆಡಿದ. ಎಲ್ಲರಿಗೂ ಆ ಗಟ್ಟಿತನವಿರಬೇಕೆಂದು ಕೇಳುವುದು ಯಾವ ನ್ಯಾಯ?

ನಮ್ಮ ಹುಡುಗಿ ಆ ವರ್ಷದ ಮೇಲೆ ಆಡಲಿಲ್ಲ. ಎಷ್ಟೋ ವರ್ಷಗಳ ನಂತರ ಅರಸೀಕೆರೆ ಜಂಕ್ಷನ್ನಿನ ಪ್ಲಾಟ್‌ಫಾರಂ ಮೇಲೆ ಸಿಕ್ಕಿದಳು. ಕಂಕುಳಲ್ಲಿ ಮಗು, ಕೈಯಲ್ಲಿ ಚೀಲ. ಕುಶಲ ಕೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಿಸ್, ಒಂದು ಕೇಳ್ಲಾ? ಅವತ್ತು ನಾನು ಚೆನ್ನಾಗಿ ಆಡ್ತಿರ್ಲಿಲ್ವಾ?" ಎಂದಳು.

"ಚೆನ್ನಾಗೇ ಆಡ್ತಿದ್ದೆ ಕಣೇ. ನಿನ್ನ ಬಿಟ್ಟಿದ್ದು ಆಟಕ್ಕಲ್ಲ. ಬಸ್ ಚಾರ್ಜ್ ಕೇಳಿದ್ಯಲ್ಲ, ಅದಕ್ಕೆ. ನಾನೂ ಸಹಿ ಹಾಕಿದೆ" ಎಂದೆ.

ಅವಳು ಬೈಯಲಿಲ್ಲ. ಮಗುವನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡಳು. "ಅವತ್ತೇ ಹೇಳಿದ್ರೆ ಕಾಲೇಜಲ್ಲಾದ್ರೂ ಆಡ್ತಿದ್ದೆ ಮಿಸ್. ನನಗೆ ಆಟ ಬರಲ್ಲ ಅಂದ್ಕೊಂಡ್ಬಿಟ್ಟೆ" ಎಂದಳು. ಅಷ್ಟರಲ್ಲಿ ಅವಳ ಗಾಡಿ ಬಂತು. ಚೀಲವನ್ನು ನಾನೇ ಎತ್ತಿ ಒಳಗಿಟ್ಟೆ.