ಕ್ವಿಲ್ಟನ್ನು ಓದುವ ಬಗೆ: ರಸಿಕರಿಗೊಂದು ಕೈಪಿಡಿ

ಕೌದಿ ಹೊದ್ದು ಬೆಳೆದವರಿಗೆ ಅದರ ಬಿಸುಪು ಗೊತ್ತು. ಅದನ್ನು ಕಲಾಕೃತಿಯಾಗಿ ನೋಡಲು ಬೇರೆಯೇ ಅಭ್ಯಾಸ ಬೇಕು. ಅಮೆರಿಕದ ವಲಸಿಗ ಹೆಂಗಸರು ಹೊಲಿದ ಕ್ವಿಲ್ಟ್‌ಗಳು, ಅಂದರೆ ಅಲ್ಲಿಯ ಕೌದಿಗಳು, ಈ ಅಭ್ಯಾಸಕ್ಕೆ ತಕ್ಕವು. ಒಂದನ್ನೇ ಹಿಡಿದು ನೋಡೋಣ: ಕೆಂಟಕಿ ರಾಜ್ಯದ ಲೂಯಿಸ್ ಕೌಂಟಿಯಲ್ಲಿದ್ದ ಎಲಿಜಬೆತ್ ರೋಸ್‌ಬೆರಿ ಮಿಚೆಲ್ 1843ರಲ್ಲಿ ಕೈಗೆತ್ತಿಕೊಂಡ ‘ಸ್ಮಶಾನದ ಕ್ವಿಲ್ಟ್’. ಈಗ ಅದು ಕೆಂಟಕಿ ಹಿಸ್ಟಾರಿಕಲ್ ಸೊಸೈಟಿಯ ಸಂಗ್ರಹದಲ್ಲಿದೆ.

ಮೊದಲು ಹೊಲಿದವಳ ಬದುಕು ತಿಳಿಯಿರಿ. ಮಿಚೆಲ್ ಕುಟುಂಬ ಒಹಾಯೊ ಬಿಟ್ಟು ಕೆಂಟಕಿಗೆ ಬಂದು ನೆಲೆಸಿತು. ಆಕೆಯ ಇಬ್ಬರು ಗಂಡುಮಕ್ಕಳ ಸಮಾಧಿ ಮಾತ್ರ ಒಹಾಯೊದಲ್ಲೇ ಉಳಿಯಿತು. ಒಬ್ಬ ಎಳೆಯ ಕೂಸು, ಇನ್ನೊಬ್ಬ ಬೆಳೆದ ಹುಡುಗ. ದಿನವೂ ಹೋಗಿ ಬರಲಾಗದ ಆ ಜಾಗವನ್ನು ತಾಯಿ ಬಟ್ಟೆಯಲ್ಲಿ ಮನೆಗೆ ತಂದುಕೊಂಡಳು.

ಇನ್ನು ಕೆಲವು ಹೆಜ್ಜೆ ದೂರ ನಿಂತು ನೋಡಿ. ಬಹುಪಾಲು ಕಂದು ಬಣ್ಣ. ಸುತ್ತಲೂ ಚೌಕಗಳಲ್ಲಿ ಎಂಟು ಮೂಲೆಯ ನಕ್ಷತ್ರಗಳು, ನಟ್ಟನಡುವೆ ಬೇಲಿ ಹಾಕಿದ ಸ್ಮಶಾನ. ಅಂಚಿನಿಂದ ಅಲ್ಲಿಗೆ ಒಂದು ದಾರಿ. ಅದರ ಇಕ್ಕೆಲದಲ್ಲೂ ಬೇಲಿ. ಕಣ್ಣು ಎಲ್ಲಿಂದ ಹೊರಟರೂ ಆ ದಾರಿ ಹಿಡಿದು ನಡುವಿಗೆ ಬರುತ್ತದೆ. ಚಿತ್ರದ ವಿನ್ಯಾಸ ಬಲ್ಲ ಕೈಯಿದು.

ಆಮೇಲೆ ಹತ್ತಿರ ಹೋಗಿ ನಕ್ಷತ್ರ ನೋಡಿ. ಎಂಟು ವಜ್ರಾಕಾರದ ತುಂಡುಗಳ ತುದಿ ಒಂದೇ ಬಿಂದುವಿನಲ್ಲಿ ಕೂಡಬೇಕು. ಪ್ರತಿ ತುಂಡು ಕೂದಲೆಳೆಯಷ್ಟು ತಪ್ಪಿದರೂ ಸಾಕು, ಎಂಟೂ ಸೇರುವಾಗ ನಡುವೆ ಬಟ್ಟೆ ಉಬ್ಬುತ್ತದೆ. ಯಾವ ಕ್ವಿಲ್ಟಿನಲ್ಲೇ ಆಗಲಿ, ಹೊಲಿದವರ ಪಳಗಿದ ಕೈಯನ್ನು ಇಂಥ ಕೂಡುಬಿಂದುವಿನಲ್ಲಿ ಅಳೆಯಿರಿ.

ಕೊನೆಗೆ ಅಂಚು. ಅಲ್ಲಿ ಬಟ್ಟೆಯಲ್ಲಿ ಕತ್ತರಿಸಿದ ಶವಪೆಟ್ಟಿಗೆಗಳಿವೆ. ಬದುಕಿದ್ದ ಮನೆಯವರ ಹೆಸರು ಬರೆದ ಚೀಟಿ ಅವುಗಳಿಗಿದೆ. ಅವನ್ನು ಸೇರಿಸಿರುವುದು ಕಚ್ಚಾ ಹೊಲಿಗೆಯಿಂದ. ಒಬ್ಬರು ತೀರಿಕೊಂಡಾಗ ಅವರ ಪೆಟ್ಟಿಗೆಯ ದಾರ ಬಿಚ್ಚಿ, ದಾರಿಯಾಚೆಯ ಸ್ಮಶಾನದಲ್ಲಿ ಹೊಲಿಯಬೇಕೆಂಬುದು ಲೆಕ್ಕ. ಹಲವು ಪೆಟ್ಟಿಗೆಗಳು ಇಂದಿಗೂ ಅಂಚಿನಲ್ಲೇ ಇವೆ.

ಈ ಕೃತಿಯ ಹಿರಿಮೆ ಇರುವುದು ಇಲ್ಲೇ. ಸ್ಮಾರಕವೆಂದರೆ ಕಲ್ಲಿನಂತೆ ಮುಗಿದುಹೋದದ್ದು ಎಂದು ನಾವು ತಿಳಿದಿರುತ್ತೇವೆ. ಈಕೆ ಮಾತ್ರ ಮನೆತನದೊಂದಿಗೆ ತಾನೂ ಬದಲಾಗುತ್ತ ಹೋಗುವ ಸ್ಮಾರಕ ಕಟ್ಟಿದಳು. ಸತ್ತವರಿಗೆ ಬಿಗಿ ಹೊಲಿಗೆ, ಇದ್ದವರಿಗೆ ಸಡಿಲ ಹೊಲಿಗೆ. ಹೇಳಬೇಕಾದದ್ದನ್ನೆಲ್ಲ ಆ ವ್ಯತ್ಯಾಸವೇ ಹೇಳುತ್ತದೆ. ‘ಎಷ್ಟು ಚೆಂದ’ ಎಂದು ಮುಂದೆ ಸಾಗುವವರಿಗೆ ಇದು ಸಿಕ್ಕದು.

ಆದ್ದರಿಂದ ನೆನಪಿಗಾಗಿ ಹೊಲಿದ ಯಾವ ಬಟ್ಟೆಯ ಮುಂದೆ ನಿಂತರೂ ಮೂರನ್ನು ಕೇಳಿಕೊಳ್ಳಿ: ನಡುವೆ ಏನನ್ನು ಇಟ್ಟಿದ್ದಾರೆ? ಯಾವುದನ್ನು ಬಿಗಿಯಾಗಿ ಹೊಲಿದಿದ್ದಾರೆ? ಯಾವುದನ್ನು ಬಿಚ್ಚಲು ಬಿಟ್ಟಿದ್ದಾರೆ? ಉತ್ತರ ಹುಡುಕುವಷ್ಟು ಹೊತ್ತು ಅಲ್ಲಿ ನಿಂತರೆ, ಸೂಜಿ ಹಿಡಿದವಳು ಎಂಥ ಕಲಾವಿದೆ ಎಂಬುದು ನಿಮಗೇ ತಿಳಿಯುತ್ತದೆ.