ನಾಲ್ಕಕ್ಷರದ ಊರುಗಳು, ಎರವಲು ಪೋಸ್ಟರುಗಳು

ಕರ್ನಾಟಕದ ಊರೂರಿಗೂ ಈಗ ಒಂದೊಂದು ‘ಹಳೆಯ’ ಪ್ರವಾಸಿ ಪೋಸ್ಟರ್ ಹುಟ್ಟಿಕೊಳ್ಳುತ್ತಿದೆ. ಹೋದ ವಾರ ಕಂಪ್ಯೂಟರಿನಲ್ಲಿ ಬರೆದದ್ದು, ಅಂಚಿಗೆ ಒಂದಿಷ್ಟು ಮಾಸಲು ಬಣ್ಣ ಬಳಿದು ನೂರು ವರ್ಷ ಹಿಂದಕ್ಕೆ ತಳ್ಳಿದ್ದು. ಮೇಲೆ ಕಿತ್ತಳೆ ಆಕಾಶ, ನಡುವೆ ಅರ್ಧ ಮುಳುಗಿದ ಸೂರ್ಯ, ಅದರಿಂದ ಬೀಸಣಿಗೆಯಂತೆ ಹರಡಿದ ಕಿರಣ, ಕೆಳಗೆ ಕೋಟೆಯದೋ ಗೋಪುರದೋ ಕಪ್ಪು ಆಕೃತಿ, ತಳದಲ್ಲಿ ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ ಊರಿನ ಹೆಸರು. ಹಂಪಿಗೂ ಇದೇ, ಬಾದಾಮಿಗೂ ಇದೇ, ಯಾದಗಿರಿ ಕೋಟೆಗೂ ಇದೇ. ಹೆಸರಿನ ಮೇಲೆ ಬೆರಳಿಟ್ಟು ಮುಚ್ಚಿದರೆ ಊರು ಯಾವುದೆಂದು ಅಲ್ಲಿಯವರಿಗೂ ಗೊತ್ತಾಗಲಿಕ್ಕಿಲ್ಲ.

ಮಾಡುವವರು ಹೆಚ್ಚಿನವರು ಎಳೆಯರು. ತಮ್ಮ ಊರೂ ಗೋಡೆಗೆ ತೂಗುಹಾಕುವಷ್ಟು ಚೆಂದವಿದೆ ಎಂದು ತೋರಿಸುವ ಹುಮ್ಮಸ್ಸು ಅವರದು. ಅದನ್ನು ಹಗುರಾಗಿ ಕಾಣಲಾರೆ. 2009ರ ಡಿಸೆಂಬರಿನಲ್ಲಷ್ಟೇ ಕಲಬುರಗಿಯಿಂದ ಬೇರೆಯಾಗಿ ಜಿಲ್ಲೆಯಾದ ಯಾದಗಿರಿಯಂಥ ಕಡೆ ಈ ಹುಮ್ಮಸ್ಸಿಗೆ ಬೆಲೆ ಇನ್ನೂ ಹೆಚ್ಚು. ಹಿಂದುಳಿದ ಜಿಲ್ಲೆ ಎಂಬ ಮಾತಲ್ಲದೆ ಬೇರೇನೂ ಅದರ ಬಗ್ಗೆ ಪತ್ರಿಕೆಗಳಲ್ಲಿ ಬರುವುದು ಅಪರೂಪ. ನನ್ನ ತಕರಾರು ಇರುವುದು ಅವರು ಹಳೆಯ ಪೋಸ್ಟರಿನಿಂದ ಏನನ್ನು ಎತ್ತಿಕೊಂಡರು ಎಂಬುದರ ಬಗ್ಗೆ. ಉಡುಪನ್ನು ಎತ್ತಿಕೊಂಡರು, ಕಣ್ಣನ್ನು ಅಲ್ಲೇ ಬಿಟ್ಟುಬಂದರು.

ಆ ಕಣ್ಣು ಎಂಥದಿತ್ತು ನೋಡಿ. 1908ರಲ್ಲಿ ಇಂಗ್ಲೆಂಡಿನ ಗ್ರೇಟ್ ನಾರ್ದರ್ನ್ ರೈಲ್ವೆಗಾಗಿ ಜಾನ್ ಹ್ಯಾಸಲ್ ಎಂಬ ಚಿತ್ರಕಾರ ಸ್ಕೆಗ್ನೆಸ್ ಎಂಬ ಸಣ್ಣ ಕಡಲೂರಿಗೆ ಒಂದು ಪೋಸ್ಟರ್ ಬರೆದ. ಅದರಲ್ಲಿ ಕೋಟೆಯಿಲ್ಲ, ಅರಮನೆಯಿಲ್ಲ, ರೈಲೂ ಇಲ್ಲ. ಗಡ್ಡದ, ಡೊಳ್ಳುಹೊಟ್ಟೆಯ ಬೆಸ್ತನೊಬ್ಬ ಮರಳ ಮೇಲೆ ಕೈ ಚಾಚಿ ಕುಣಿಯುತ್ತಿದ್ದಾನೆ, ಅಷ್ಟೇ. ಆ ಊರಿನ ದೊಡ್ಡ ಕೊರತೆ ಕೊರೆಯುವ ಗಾಳಿ. ಪೋಸ್ಟರ್ ಅದನ್ನು ಮುಚ್ಚಿಡದೆ, ಈ ಗಾಳಿ ಮೈಗೆ ಹುರುಪು ಕೊಡುತ್ತದೆ ಎಂದು ಸಾರಿತು. ಊರಿನ ಕುಂದನ್ನೇ ಊರಿನ ಗುರುತು ಮಾಡುವ ಧೈರ್ಯ ಅದು. ಇಲ್ಲಿ ಯಾದಗಿರಿಯ ಪೋಸ್ಟರಿನ ಸೂರ್ಯನನ್ನು ನೆನೆಯಿರಿ: ಯಾವಾಗಲೂ ಮುಳುಗುತ್ತಿರುವ, ತಂಪಾದ, ಗೋವೆಯ ಕಡಲತೀರದಿಂದ ತಂದಂಥ ಸೂರ್ಯ. ಬಿಸಿಲನಾಡೆಂದೇ ಕರೆಸಿಕೊಳ್ಳುವ ಸೀಮೆಯ ಪೋಸ್ಟರಿನಲ್ಲಿ ಬಿಸಿಲೇ ಇಲ್ಲ! ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ಬಣ್ಣಗಳೆಲ್ಲ ಸುಟ್ಟು ಬಿಳಿಚಿಕೊಂಡು, ಬಂಡೆಗೂ ಬಾನಿಗೂ ವ್ಯತ್ಯಾಸ ಉಳಿಯದ ಆ ಹೊತ್ತನ್ನು ಎರಡೇ ಬಣ್ಣದಲ್ಲಿ ಅಚ್ಚುಹಾಕಬಹುದಿತ್ತು. ಅಂಥ ಪೋಸ್ಟರ್ ಅಗ್ಗವೂ ಹೌದು, ನಿಜವೂ ಹೌದು.

ಫ್ರಾನ್ಸಿನ ಕಸಾಂಡ್ರ್ 1927ರಲ್ಲಿ ಬರೆದ ‘ಎತ್ವಾಲ್ ದ್ಯು ನೋರ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ರೈಲು ಸೇವೆಯ ಜಾಹೀರಾತು, ಆದರೆ ರೈಲಿಲ್ಲ. ದೂರಕ್ಕೆ ಓಡುವ ಹಳಿಗಳು, ದಿಗಂತದಲ್ಲಿ ಒಂದು ಚುಕ್ಕಿ. ಮಿಕ್ಕದ್ದನ್ನೆಲ್ಲ ತೆಗೆದು ಹಾಕಿದ. ಲಂಡನ್ನಿನ ಅಂಡರ್‌ಗ್ರೌಂಡ್ ರೈಲ್ವೆಯಲ್ಲಿ 1908ರಿಂದ ಪ್ರಚಾರದ ಹೊಣೆ ಹೊತ್ತ ಫ್ರ್ಯಾಂಕ್ ಪಿಕ್‌ನ ಲೆಕ್ಕಾಚಾರ ಬೇರೆ. ಕಚೇರಿ ಹೊತ್ತು ಬಿಟ್ಟರೆ, ರಜೆಯ ದಿನ ಬಂತೆಂದರೆ ಡಬ್ಬಿಗಳು ಖಾಲಿ ಓಡುತ್ತಿದ್ದವು. ಆ ಸೀಟು ತುಂಬಿಸಲು ಊರಿನ ಜನಕ್ಕೆ ಊರ ಅಂಚಿನ ಕಾಡು, ತೋಟ, ನದೀತೀರಗಳನ್ನು ಪೋಸ್ಟರಿನಲ್ಲಿ ತೋರಿಸಿದ. ಆತ ಮಾರಿದ್ದು ಒಂದು ಮಧ್ಯಾಹ್ನದ ಹೊರಸಂಚಾರವನ್ನು, ಅದೂ ಅದೇ ಊರಿನವರಿಗೆ. ನಮ್ಮ ಸಾರಿಗೆ ಸಂಸ್ಥೆಯೂ ಜಾತ್ರೆ, ಅಮಾವಾಸ್ಯೆಗಳಿಗೆ ವಿಶೇಷ ಬಸ್ಸು ಬಿಡುತ್ತದೆ. ಹೇಳುವುದು ಮಾತ್ರ ಪತ್ರಿಕೆಯ ಮೂಲೆಯ ನಾಲ್ಕು ಸಾಲಿನ ಪ್ರಕಟಣೆಯಲ್ಲಿ. ಸಂಕ್ರಾಂತಿಗೆ ಮೈಲಾಪುರದ ಮೈಲಾರಲಿಂಗನ ಜಾತ್ರೆಯಲ್ಲಿ ಭಂಡಾರ ಹಾರಿ ಗುಡ್ಡ, ಜನ, ಬಟ್ಟೆ ಎಲ್ಲ ಅರಿಸಿನವಾಗುತ್ತದೆ. ಒಂದೇ ಬಣ್ಣದ ಪೋಸ್ಟರಿಗೆ ಇದಕ್ಕಿಂತ ಸಿದ್ಧ ಸಾಮಗ್ರಿ ಬೇಕೆ?

ಹಾಗೆಂದು ಹಳೆಯ ಪೋಸ್ಟರುಗಳನ್ನು ದೇವರ ಪಟ ಮಾಡಬೇಕಿಲ್ಲ. ನಮ್ಮ ದೇಶದ ರೈಲ್ವೆಗಳು 1920–30ರ ದಶಕಗಳಲ್ಲಿ ಭಾರತ ನೋಡಬನ್ನಿ ಎಂದು ಹೊರಡಿಸಿದವುಗಳಲ್ಲಿ ಕಾಶಿಯ ಘಾಟು, ತಾಜಮಹಲು, ಆನೆ, ಕೊಡ ಹೊತ್ತ ಹೆಣ್ಣು ಇವೇ ತಿರುತಿರುಗಿ ಬರುತ್ತವೆ. ಕಣ್ಣಿಗೆ ಹಬ್ಬವೇ, ಸುಳ್ಳಲ್ಲ. ಆದರೆ ಅವು ಕರೆಯುತ್ತಿದ್ದದ್ದು ಹಡಗಿನಲ್ಲಿ ಬರುವ ಪ್ರವಾಸಿಯನ್ನು, ಮೊದಲ ದರ್ಜೆಯವನನ್ನು. ಮೂರನೆಯ ದರ್ಜೆಯ ಡಬ್ಬಿ ಹೇಗಿತ್ತೆಂದು 1917ರಲ್ಲಿ ಗಾಂಧೀಜಿ ಬರೆದದ್ದನ್ನು ಓದಿದವರಿಗೆ ಆ ಚಿತ್ರಗಳ ನುಣುಪು ಸ್ವಲ್ಪ ಇರಿಸುಮುರಿಸು ಮಾಡುತ್ತದೆ. ಮುಂಬಯಿಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಹಳಿಯನ್ನು ಕೂಡಿಕೊಂಡಿತು. ದಾರಿಯಲ್ಲಿ ಯಾದಗಿರಿ ಸಿಕ್ಕಿತು. ಅಂದಿನಿಂದ ಎರಡು ಮಹಾನಗರಗಳ ನಡುವಿನ ಗಾಡಿಗಳು ಇಲ್ಲಿ ನಿಂತು ಹೋಗುತ್ತಿವೆ. ನಾನು ನೋಡಿದ ಹಳೆಯ ಪೋಸ್ಟರುಗಳಲ್ಲಿ ಮಾತ್ರ ಈ ಊರಿಲ್ಲ. ಇಲ್ಲದಿದ್ದುದೂ ಒಂದು ಅನುಕೂಲವೇ. ಅಳಿಸಿ ಬರೆಯಬೇಕಾದ ಚಿತ್ರ ಯಾವುದೂ ಇಲ್ಲ.

ಹಾಗಾದರೆ ಇಲ್ಲಿನ ವಿನ್ಯಾಸಗಾರನ ಕೈಗೆ ಸಿಗುವುದೇನು? ಯಾದಗಿರಿಯಿಂದ ಶಹಾಪುರದ ಮೇಲೆ ಸುರಪುರಕ್ಕೆ ಹೋಗುವ ಆರ್ಡಿನರಿ ಬಸ್ಸು ಹತ್ತಿದರೆ ಸಾಕು, ಉತ್ತರ ಬೋರ್ಡಿನಲ್ಲೇ ಇದೆ. ಯಾದಗಿರಿ, ಶಹಾಪುರ, ಸುರಪುರ. ಮೂರೂ ನಾಲ್ಕು ನಾಲ್ಕು ಅಕ್ಷರದ ಹೆಸರು, ಮೂರರಲ್ಲೂ ಒಂದೇ ಒಂದು ಒತ್ತಕ್ಷರವಿಲ್ಲ. ಕನ್ನಡದಲ್ಲಿ ಪೋಸ್ಟರ್ ಬರೆದವರಿಗೆ ಇದರ ಬೆಲೆ ಗೊತ್ತು. ನಮ್ಮ ಒತ್ತಕ್ಷರ ಸಾಲಿನ ಕೆಳಗೆ ಜೋತುಬಿದ್ದು ಮುಂದಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಅದಕ್ಕೆ ಜಾಗ ಬಿಟ್ಟರೆ ಸಾಲುಗಳು ಸಡಿಲವಾಗಿ ಗಟ್ಟಿತನ ಹೋಗುತ್ತದೆ. ಈ ಮೂರು ಹೆಸರನ್ನಾದರೆ ಒಂದರ ಕೆಳಗೊಂದು ಇಟ್ಟಿಗೆ ಜೋಡಿಸಿದ ಹಾಗೆ ಒತ್ತಿ ನಿಲ್ಲಿಸಬಹುದು. ಕೊನೆಯಲ್ಲಿ ಮೂರು ಸಾಲಿಗೂ ರಕಾರವೇ: ಒಂದಕ್ಕೆ ಗುಡಿಸು, ಎರಡಕ್ಕೆ ಬರೀ ತಲೆಕಟ್ಟು. ಬಲಗಡೆ ಮೂರು ದುಂಡು ಒಂದೇ ಕಂಬದಲ್ಲಿ ಇಳಿಯುತ್ತವೆ. ಬೋರ್ಡು ಬರೆಯುವ ಪೇಂಟರುಗಳ ಕೈಗೆ ಇಂಥದ್ದು ರೂಢಿಯಿಂದಲೇ ಬಂದಿರುತ್ತದೆ. ಈಗ ಬಸ್ಸಿನ ಮುಂದೆ ಎಲ್‌ಇಡಿ ಬೋರ್ಡು ಓಡುತ್ತದೆ. ಅದರ ಚುಕ್ಕಿಗಳಲ್ಲಿ ಕನ್ನಡದ ದುಂಡು ಚೌಕವಾಗಿ ಮುರಿಯುತ್ತದೆ. ‘ಹಳೆಯ’ ಪೋಸ್ಟರಿನವರಂತೂ ಈ ಮೂರು ಹೆಸರಿನ ಸೊಗಸನ್ನು ಬಿಟ್ಟು ಪ್ಯಾರಿಸ್ಸಿನ ಶೈಲಿಯ ಇಂಗ್ಲಿಷ್ ಫಾಂಟು ಹುಡುಕುತ್ತಾರೆ, ಕನ್ನಡವನ್ನು ಕೆಳಗೆ ಅಡಿಟಿಪ್ಪಣಿಯಂತೆ ಸಣ್ಣದಾಗಿ ಕೂರಿಸುತ್ತಾರೆ. ಈ ರೂಢಿಯ ಅತಿ ದೊಡ್ಡ ಸೋಲು ಇದೇ ಎಂದು ನನಗನ್ನಿಸುತ್ತದೆ. ಚಿತ್ರ ಎರವಲಾದರೆ ಸಹಿಸಬಹುದು, ಅಕ್ಷರ ಎರವಲಾದರೆ ಪೋಸ್ಟರಿಗೆ ದನಿಯೇ ಉಳಿಯುವುದಿಲ್ಲ. ರೈಲ್ವೆ ನಿಲ್ದಾಣದ ಹಳದಿ ಫಲಕ ನೋಡಿ. ಹಳದಿಯ ಮೇಲೆ ಕಪ್ಪು, ಮೂರು ಲಿಪಿ, ಸಮುದ್ರಮಟ್ಟದಿಂದ ಎತ್ತರ, ಮುಗಿಯಿತು. ಯಾರೂ ಕಲೆ ಎಂದು ಕರೆಯದ ಆ ಫಲಕ ಈ ಸೀಮೆಯಲ್ಲಿ ನಾನು ಕಂಡ ಅತ್ಯುತ್ತಮ ಸಾರಿಗೆ ಪೋಸ್ಟರ್.

ಬಸ್ಸು ಭೀಮೆಯ ಸೇತುವೆ ದಾಟಿ ಭೀಮೆ–ಕೃಷ್ಣೆಯರ ನಡುವಿನ ಎರೆಭೂಮಿಗೆ ಇಳಿಯುತ್ತದೆ. ಹತ್ತಿ, ತೊಗರಿ, ಕಾಲುವೆ ಬಂದ ಕಡೆ ಭತ್ತ. ನಡುನಡುವೆ ನೆಲದಿಂದ ಎದ್ದ ಬಂಡೆಗುಡ್ಡ. ಶಹಾಪುರದಲ್ಲಿ ಆ ಗುಡ್ಡಗಳೇ ಮಲಗಿದ ಬುದ್ಧನಾಗಿವೆ. ಹಣೆ, ಮೂಗು, ಗದ್ದ, ಎದೆ: ಒಂದೇ ಗೆರೆ. ಈ ಬುದ್ಧನ ಸ್ವಾರಸ್ಯವೆಂದರೆ ಅವನು ಎಲ್ಲ ಕಡೆಯಿಂದ ಕಾಣುವುದಿಲ್ಲ. ರಸ್ತೆ ಒಂದು ಕೋನಕ್ಕೆ ಬಂದಾಗ ಮೂಡುತ್ತಾನೆ, ಒಂದಿಷ್ಟು ಹೊತ್ತು ಜೊತೆಗಿರುತ್ತಾನೆ, ತಿರುವಿನಲ್ಲಿ ಮತ್ತೆ ಬರೀ ಬಂಡೆಗಳಾಗಿ ಚದುರುತ್ತಾನೆ. ಚಲಿಸುವವನ ಕಣ್ಣಿಗಷ್ಟೇ ಆಗುವ ಘಟನೆ ಅದು. ಪ್ರವಾಸೋದ್ಯಮದ ಫೋಟೋಗಳು ಆ ಒಂದು ಕೋನವನ್ನು ಹಿಡಿದು ನಿಲ್ಲಿಸಿ, ಕೆಲವೊಮ್ಮೆ ತಲೆಯ ಸುತ್ತ ಪ್ರಭಾವಳಿಯನ್ನೂ ಹಚ್ಚಿ, ನೋಡುಗನ ಕೆಲಸವನ್ನು ತಾವೇ ಮಾಡಿಬಿಡುತ್ತವೆ. ಕಸಾಂಡ್ರ್ ಆಗಿದ್ದರೆ ಬರೀ ಗೆರೆ ಎಳೆದು, ಬುದ್ಧ ಎಂಬ ಮಾತನ್ನೇ ಬರೆಯದೆ, ಊರಿನ ಹೆಸರು ಕೂರಿಸಿ ಎದ್ದು ಹೋಗುತ್ತಿದ್ದನೇನೋ. ಶಹಾಪುರದ ಬಳಿಯ ವಿಭೂತಿಹಳ್ಳಿಯಲ್ಲಿ ಬೃಹತ್ ಶಿಲಾಯುಗದ ಜನ ದುಂಡುಬಂಡೆಗಳನ್ನು ಸಾಲು ಹಿಡಿದು ಜೋಡಿಸಿದ್ದಾರೆ, ಅದೂ ಪಟ್ಟಾಗಿ ಅಂತರ ಕಾಯ್ದುಕೊಂಡು. ಪುಟವಿನ್ಯಾಸ ಕಲಿಸುವ ಮೇಷ್ಟ್ರುಗಳು ಗ್ರಿಡ್ ಎಂದು ತಿಂಗಳುಗಟ್ಟಲೆ ಹೇಳುವುದು ಅಲ್ಲಿ ಹೊಲದ ಪಕ್ಕದಲ್ಲಿ ಬಿದ್ದಿದೆ. ಇನ್ನು ಭೀಮೆಯ ದಂಡೆಯ ಸನ್ನತಿ ಬಳಿಯ ಕನಗನಹಳ್ಳಿ. ಜಿಲ್ಲೆಯ ಗಡಿಯಾಚೆ, ಚಿತ್ತಾಪುರ ತಾಲ್ಲೂಕಿನದು. ಅಲ್ಲಿನ ಸ್ತೂಪದಲ್ಲಿ ರಾಜನ ಶಿಲ್ಪ, ಜೊತೆಗೆ ಬ್ರಾಹ್ಮಿಯಲ್ಲಿ ಅಶೋಕನ ಹೆಸರು. ಚಿತ್ರ ಒಂದು, ಹೆಸರು ಒಂದು. ಪೋಸ್ಟರಿನ ವ್ಯಾಕರಣ ಇದಕ್ಕಿಂತ ಹೆಚ್ಚೇನಿದೆ?

ಸುರಪುರದಲ್ಲಿ ಸಮಸ್ಯೆ ತೊಡಕಾಗುತ್ತದೆ, ಯಾಕೆಂದರೆ ಇಲ್ಲಿ ಕಲೆ ಮೊದಲೇ ಇದೆ. ನಾಯಕ ಅರಸರ ಆಶ್ರಯದಲ್ಲಿ ಬೆಳೆದ ಸುರಪುರ ಚಿತ್ರಶೈಲಿ ಬಂಗಾರದ ಲೇಪ, ಕಿರುಕುಸುರಿ, ತುಂಬಿದ ಅಂಚುಗಳ ಶೈಲಿ. ಕಲಬುರಗಿಯ ವಿಜಯ ಹಾಗರಗುಂಡಗಿಯವರಂಥ ಕಲಾವಿದರು ಅದನ್ನು ನಮ್ಮ ಕಾಲಕ್ಕೂ ಉಳಿಸಿಕೊಂಡು ಬಂದಿದ್ದಾರೆ. ಸ್ಥಳೀಯತೆ ಬೇಕೆಂದವರು ತಕ್ಷಣ ಈ ಅಂಚನ್ನು ಕತ್ತರಿಸಿ ಪೋಸ್ಟರಿನ ಸುತ್ತ ಅಂಟಿಸುತ್ತಾರೆ. ಅದು ಸರಿಹೋಗುವುದಿಲ್ಲ. ಸುರಪುರದ ಚಿತ್ರ ಕೈಯಳತೆಯಲ್ಲಿ ಹಿಡಿದು, ದೀಪ ಸರಿಸಿ, ಕುಳಿತು ನೋಡುವಂಥದು. ಪೋಸ್ಟರ್ ಬಸ್‌ಸ್ಟ್ಯಾಂಡಿನ ಗೋಡೆಯಲ್ಲಿ, ಟಂಟಂ ಹಿಡಿಯಲು ಓಡುವವನಿಗೆ ಅರೆಕ್ಷಣದಲ್ಲಿ ಮುಟ್ಟಬೇಕು. ಆ ಶೈಲಿಯಿಂದ ತರಬಹುದಾದದ್ದು ಬೇರೆ: ಮುಖ್ಯವಾದವನನ್ನು ದೊಡ್ಡದಾಗಿ, ಮಿಕ್ಕವರನ್ನು ಚಿಕ್ಕದಾಗಿ ನಿಲ್ಲಿಸುವ ನಿರ್ಭಿಡೆ, ನೆರಳಿನ ಹಂಗಿಲ್ಲದ ಸಪಾಟು ಬಣ್ಣ. ವಿಚಿತ್ರವೆಂದರೆ ಯುರೋಪಿನ ಪೋಸ್ಟರುಗಳನ್ನು ನಾವು ಮೆಚ್ಚುವುದೂ ಇದೇ ಗುಣಗಳಿಗಾಗಿ.

ಸುರಪುರದ ಗುಡ್ಡದ ಮೇಲೆ ಟೇಲರ್ ಮಂಜಿಲ್ ಇದೆ. 1841ರಲ್ಲಿ ಇಲ್ಲಿಗೆ ಬಂದು ಹತ್ತು ವರ್ಷಕ್ಕೂ ಮೀರಿ ಆಡಳಿತ ನೋಡಿದ ಮೆಡೋಸ್ ಟೇಲರ್ ಕಾದಂಬರಿಕಾರ, ಚಿತ್ರಕಾರ, ಈ ಭಾಗದ ಶಿಲಾಸಮಾಧಿಗಳನ್ನು ಅಳೆದು ಬರೆದಿಟ್ಟವ. ಬೋನಾಳದ ಕೆರೆಯ ಮೇಲೆ ಅವನಿಗಿದ್ದ ಮೋಹ ಅವನ ಆತ್ಮಕಥೆ ಓದಿದವರಿಗೆ ಗೊತ್ತು. ಪ್ರೀತಿಯಿಂದಲೇ ನೋಡಿದ. ಆದರೆ ಮೇಲಿನಿಂದ ನೋಡಿದ. ಆಳುವವನ ಬಂಗಲೆ ಇದ್ದದ್ದು ಅಲ್ಲಿಯೇ ತಾನೆ. ಇವತ್ತಿನ ಡ್ರೋನ್ ಚಿತ್ರ, ಅದನ್ನು ನೋಡಿ ಬರೆದ ಪೋಸ್ಟರ್, ಎರಡೂ ಅದೇ ಗುಡ್ಡದ ತುದಿಗೆ ಹೋಗಿ ನಿಂತಿವೆ. ಕೆಳಗೆ ರಂಗಂಪೇಟೆ, ತಿಮ್ಮಾಪುರದ ಓಣಿಗಳಲ್ಲಿ ನಡೆಯುವವನಿಗೆ ಊರು ಹಾಗೆ ಕಾಣುವುದೇ ಇಲ್ಲ.

ಆ ಓಣಿಯವರು ಹೊರಗೆ ಹೊರಡುವ ರೀತಿಯೂ ಬದಲಾಗಿದೆ. ನಿಜಾಮರ ರಾಜ್ಯದ ರೈಲ್ವೆ 1932ರ ಜೂನಿನಲ್ಲಿ 27 ಬಸ್ಸು, 166 ನೌಕರರೊಂದಿಗೆ ಸರ್ಕಾರಿ ಬಸ್ ಸಾರಿಗೆ ಆರಂಭಿಸಿದಾಗ ಈ ಮೂರೂ ಊರು ಆ ರಾಜ್ಯದಲ್ಲಿದ್ದವು. ಈಗ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಬಸ್ಸು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ತವರು, ದವಾಖಾನೆ, ಸಂತೆ, ಮೈಲಾಪುರ. ಎಷ್ಟೋ ಮಂದಿ ಗಂಡನನ್ನೋ ಮಗನನ್ನೋ ರೊಕ್ಕ ಕೇಳದೆ ಮೊದಲ ಬಾರಿ ಹೊರಟರು. ಆಧಾರ್ ಕಾರ್ಡ್ ತೋರಿಸಿ ಶೂನ್ಯ ಟಿಕೆಟ್ ಪಡೆದು, ಸೆರಗಿನ ತುದಿಗೆ ಕಟ್ಟಿಕೊಂಡು, ಕಿಟಕಿ ಪಕ್ಕದ ಸೀಟಿಗಾಗಿ ಜಗಳ ತೆಗೆಯುವ ಹೆಂಗಸು ನಮ್ಮ ಸಾರಿಗೆಯ ಇತಿಹಾಸದಲ್ಲಿ ಹೊಸ ಪಾತ್ರ. ಪೋಸ್ಟರಿನಲ್ಲಿ ಇವಳು ಇನ್ನೂ ಕೊಡ ಹೊತ್ತು ಸೂರ್ಯಾಸ್ತದ ಎದುರು ನಿಂತೇ ಇದ್ದಾಳೆ. ಹ್ಯಾಸಲ್‌ನ ಬೆಸ್ತನಿಗೆ ಸಮನಾದ ಆಕೃತಿ ಈ ಜಿಲ್ಲೆಯಲ್ಲಿ ಹುಡುಕುವುದಾದರೆ ನಾನು ಇವಳನ್ನು ಆರಿಸುತ್ತೇನೆ. ಕೋಟೆಯನ್ನಲ್ಲ.

ಶಹಾಪುರವೂ ಸುರಪುರವೂ ರೈಲಿನ ಸಂಪರ್ಕವಿಲ್ಲದೆ ಕಳೆದ ಕಾಲವೇ ಹೆಚ್ಚು. ಸುಮಾರು 250 ಕಿಲೋಮೀಟರಿನ ಗದಗ–ವಾಡಿ ಮಾರ್ಗ ಈ ಎರಡೂ ಊರನ್ನು ಮುಟ್ಟಲಿರುವುದರಿಂದ ನಿಲ್ದಾಣಗಳು ಎದ್ದು, ಹಳದಿ ಫಲಕದಲ್ಲಿ ಆ ನಾಲ್ಕು ನಾಲ್ಕು ಅಕ್ಷರಗಳೂ ಬರಲಿವೆ. ನಿಲ್ದಾಣದ ಗೋಡೆಗೆ ಚಿತ್ರ ಬರೆಸುವ ರೂಢಿ ಈಗ ದೇಶದ ಎಲ್ಲ ಕಡೆ ಇದೆ, ಇಲ್ಲೂ ಬರೆಸುತ್ತಾರೆ. ಆ ಕೆಲಸದ ಟೆಂಡರಿನಲ್ಲಿ ಒಂದು ಷರತ್ತು ಸೇರಿಸಿದರೆ ಒಳ್ಳೆಯದು: ಚಿತ್ರ ಬರೆಯುವವರು ಬೇಸಿಗೆಯ ಮಧ್ಯಾಹ್ನದ ಆರ್ಡಿನರಿ ಬಸ್ಸಿನಲ್ಲಿ, ಸೀಟು ಸಿಗದಿದ್ದರೆ ನಿಂತುಕೊಂಡೇ, ಯಾದಗಿರಿಯಿಂದ ಸುರಪುರದವರೆಗೆ ಬಂದಿರಬೇಕು, ಟಿಕೆಟನ್ನು ಅರ್ಜಿಗೆ ಲಗತ್ತಿಸಬೇಕು.