ಕಲ್ಪಿತಲೋಕದ ಆಡುನುಡಿ

ಕಾವ್ಯಕ್ಕೆ ಔಚಿತ್ಯವೇ ಜೀವಿತವೆಂದು ಸಾರಿದ ಕಾಶ್ಮೀರದ ಕ್ಷೇಮೇಂದ್ರನು, ಅದರ ಭೇದಗಳಲ್ಲಿ ದೇಶವನ್ನೂ ಎಣಿಸಿರುವನು. ಇಲ್ಲದ ದೇಶವನ್ನು ಕಟ್ಟಿ ನಿಲ್ಲಿಸುವ ಗಣಕಯಂತ್ರದ ಆಟಗಳಿಗೂ ಈ ನಿಯಮವು ಸಲ್ಲತಕ್ಕುದೇ ಸರಿ.

2011ರಲ್ಲಿ ಅಮೆರಿಕೆಯ ಬೆಥೆಸ್ಡಾ ಸಂಸ್ಥೆಯವರು ಹೊರತಂದ ‘ಸ್ಕೈರಿಮ್’ ಆಟವು ಇದಕ್ಕೆ ನಿದರ್ಶನ. ಅದರ ನಾಡು ಹಿಮಾವೃತವಾದುದು. ಅಲ್ಲಿ ನಗರಪ್ರವೇಶವಿಲ್ಲದೆ ಕೋಟೆಯ ಹೊರಗೆ ಡೇರೆ ಹೂಡುವ ಮಾರ್ಜಾಲಮುಖದ ಖಜೀಟ್ ವರ್ತಕರ ತವರು, ಮರಳುಗಾಡುಗಳುಳ್ಳ ಎಲ್ಸ್‌ವೇರ್. ದಾರಿಯು ಬೆಚ್ಚನೆಯ ಮರಳನ್ನು ಸೇರಲೆಂಬುದೇ ಅವರ ಹರಕೆ. ಪರದೇಶವಾಸದ ದುಃಖವೆಲ್ಲವೂ ಆ ಒಂದು ವಾಡಿಕೆಯ ಮಾತಿನಲ್ಲಿ ಧ್ವನಿತವಾಗುವುದು. ಬೇರೆ ವರ್ಣನೆ ಬೇಕಿಲ್ಲ.

ಅದೇ ಆಟದ ಕಾವಲುಭಟನು, ಮೊಣಕಾಲಿಗೆ ಬಾಣ ನಾಟಿದ್ದರಿಂದ ಸಾಹಸಯಾತ್ರೆಯನ್ನು ತೊರೆದೆನೆನ್ನುವನು. ಒಬ್ಬನ ಬಾಯಲ್ಲಿ ಇದು ಕರುಣರಸ. ಊರೂರಿನ ಭಟರೂ ಇದನ್ನೇ ಒಪ್ಪಿಸಲು, ಹಾಸ್ಯಕ್ಕೀಡಾಯಿತು. ಆಡುವವರು ಅದನ್ನು ಲೋಕವೆಲ್ಲ ಪರಿಹಾಸವಾಗಿ ಹರಡಿದರು. ವಿವಾಹವನ್ನು ಸೂಚಿಸುವ ಪ್ರಾಚೀನ ನಾರ್ಸ್ ನುಡಿಗಟ್ಟು ಅದೆಂಬ ನಿರಾಧಾರವಾದ ಕಥೆಯೂ ಹುಟ್ಟಿತು.

ವರ್ತಕರ ಹರಕೆಯೂ ಮತ್ತೆ ಮತ್ತೆ ಕೇಳಿಬರುವುದಷ್ಟೆ. ಆದರೂ ಅದು ಸವೆಯದು. ಕಾರಣವು ಸ್ಪಷ್ಟ. ನುಡಿಗಟ್ಟು ಜನಾಂಗದ ಸೊತ್ತು. ಗಾಯವು ಒಬ್ಬನ ಸೊತ್ತು. ಮೊದಲನೆಯದನ್ನು ಎಲ್ಲರೂ ಆಡಿದಷ್ಟೂ ನಾಡು ನಿಜವಾಗುವುದು. ಎರಡನೆಯದನ್ನು ಎಲ್ಲರಿಗೂ ಹಂಚಿದರೆ ಮನುಷ್ಯರು ಗಿಳಿಗಳಾಗುವರು. ಕಲ್ಪಿತಲೋಕವನ್ನು ರಚಿಸುವವರು ಈ ವಿವೇಕವನ್ನು ಬಿಡಲಾಗದು.